ಬೆನ್ನ ಮೇಲಿನ ನಿದ್ದೆ

ಇಳಕಲ್ಲಿನ ಆ ಓಣಿಯಲ್ಲಿ ಗುರುಲಿಂಗವ್ವನ ಮುಖಕ್ಕಿಂತ ಬೆನ್ನು ಕಂಡವರೇ ಹೆಚ್ಚು. ಮನೆಯ ಬಾಗಿಲು ಬೀದಿಗಿತ್ತು, ಬೆಳಕು ಬರುವ ಕಿಟಕಿ ಹಿಂದಿನ ಗೋಡೆಯಲ್ಲಿತ್ತು. ನೂಲಿನ ಎಳೆ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೇ ಅವಳು ಕಿಟಕಿಗೆ ಮುಖ ಮಾಡಿ, ಬೀದಿಗೆ ಬೆನ್ನು ಕೊಟ್ಟು ದಿನವೆಲ್ಲ ರಾಟಿಯ ಮುಂದೆ ಕೂಡುತ್ತಿದ್ದಳು. ನೇಕಾರರ ಲಾಳಿಯೊಳಗೆ ಕೂಡುವ ಪುಟ್ಟ ಕೊಳವೆಗೆ ನೂಲು ಸುತ್ತುವುದು, ಅಂದರೆ ಕಂಡಿಕೆ ಸುತ್ತುವುದು ಅವಳ ಕೆಲಸ. ಬೀದಿಯಲ್ಲಿ ಹೋಗುವವರು ಆ ಬೆನ್ನನ್ನೇ ಮಾತಾಡಿಸುತ್ತಿದ್ದರು. "ಏನ ಗುರುಲಿಂಗವ್ವಾ, ಊಟಾತೇನ?" ಎಂದರೆ ಅವಳು ತಿರುಗದೆಯೇ, "ಆತಪ್ಪಾ, ನಿಂದು?" ಎನ್ನುತ್ತಿದ್ದಳು. ಧ್ವನಿಯ ಮೇಲೇ ಇಂಥವರೆಂದು ಗೊತ್ತಾಗುತ್ತಿತ್ತು. ಮಾತಾಡಿಸಿದವರು ಉತ್ತರ ಕೇಳುವಷ್ಟರಲ್ಲಿ ಎರಡು ಮನೆ ದಾಟಿರುತ್ತಿದ್ದರು.

ಬೇವೂರಿನಿಂದ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಮಗ್ಗವಿತ್ತು. ಗಂಡ ಅಂದಾನಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಇವಳು ಪಕ್ಕದಲ್ಲಿ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅವನು ಮಾತು ಕಡಿಮೆಯ ಮನುಷ್ಯ. ಮಗ್ಗವೇ ಇಬ್ಬರ ಪರವಾಗಿ ಮಾತಾಡಿಕೊಳ್ಳುತ್ತಿತ್ತು. ಮಕ್ಕಳಾಗಲಿಲ್ಲ. ಎಪ್ಪತ್ತನೆಯ ಇಸವಿಯ ಸುಮಾರಿಗೆ ಅವನು ಎದೆಬೇನೆಯಲ್ಲಿ ಹೋದ ಮೇಲೆ, ಮಗ್ಗ, ನೂಲು ಕೊಟ್ಟಿದ್ದ ಸಾಹುಕಾರರು ಮಗ್ಗ ಬಿಚ್ಚಿಸಿಕೊಂಡು ಹೋದರು. ಕುಣಿಯನ್ನೇನು ಬಿಚ್ಚಿ ಒಯ್ಯಲು ಬರುತ್ತದೆಯೇ? ಅದು ಅಲ್ಲೇ ಉಳಿಯಿತು. ಗುರುಲಿಂಗವ್ವ ಅದರ ಮೇಲೆ ಹಲಗೆ ಹೊಚ್ಚಿ, ಕೌದಿ ಹಾಸಿ, ಅಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡಳು. ಬೆಳಿಗ್ಗೆ ಜಳಕ, ಅಂಗೈಯಲ್ಲಿ ಲಿಂಗಪೂಜೆ, ಎರಡು ರೊಟ್ಟಿ, ಆಮೇಲೆ ರಾಟಿ. ಎದ್ದರೆ ಮಾತಾಡಿಸುವವರಿಲ್ಲ, ಬಿದ್ದರೆ ಎತ್ತುವವರಿಲ್ಲ ಎನ್ನುವುದು ಬೇರೆಯವರಿಗೆ ಗಾದೆ ಮಾತು, ಅವಳಿಗೆ ಅದೇ ಬದುಕಾಗಿತ್ತು.

ಪಕ್ಕದ ಗೋಡೆಯಾಚೆ ಬಂದೇನವಾಜನ ಮನೆ. ಅವನೂ ನೇಕಾರ. ಹೆಂಡತಿ ರಂಜಾನಬಿ, ತಾಯಿ ದಸ್ತಗೀರಬಿ, ಮತ್ತು ಎಪ್ಪತ್ತೆಂಟರಲ್ಲಿ ಹುಟ್ಟಿದ ಮಗಳು ನಜಮಾ. ಎರಡು ಮನೆಗೂ ಒಂದೇ ಗೋಡೆ, ಅದೂ ತೆಳ್ಳನೆಯ ಮಣ್ಣಿನದು. ಆಚೆ ಮಗ್ಗ ಬಡಿದರೆ ಈಚೆ ಗೂಟಕ್ಕೆ ಹಾಕಿದ ಸೀರೆ ಅಲುಗುತ್ತಿತ್ತು. ಹಗಲು ಮಗ್ಗದ ಸದ್ದು, ರಾತ್ರಿ ನಜಮಾಳ ಗೊರಕೆ. ಹೌದು, ನಾಲ್ಕು ವರ್ಷದ ಕೂಸಿನ ಗೊರಕೆ! ಕಟ್ಟಿಗೆ ಕೊಯ್ಯುವ ಗರಗಸದ ಹಾಗೆ ಅದು ಎಳೆದೆಳೆದು ಬರುತ್ತಿತ್ತು. ಓಣಿಯ ಹುಡುಗರು "ಗೊರಕಿ ನಜಮಾ" ಎಂದೇ ಕರೆಯುತ್ತಿದ್ದರು. ನೆಂಟರು ಬಂದರೆ, "ಮನಿಯಾಗ ಯಾರ ಮುದುಕರು ಮಲಗ್ಯಾರ?" ಎಂದು ನಗುತ್ತಿದ್ದರು. ಗುರುಲಿಂಗವ್ವ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ಆ ಗೊರಕೆ ಕಿವಿಗೆ ಬಿದ್ದರೇನೇ ನಿದ್ದೆ. ಗೋಡೆಯ ಆಚೆಗಾದರೂ ಒಂದು ಜೀವ ಇದೆಯಲ್ಲ ಎಂಬ ಸಮಾಧಾನ. ನಡುನಡುವೆ ಗೊರಕೆ ಗಕ್ಕನೆ ನಿಂತು ಮನೆ ಸ್ತಬ್ಧವಾಗುತ್ತಿತ್ತು. ಆಗ ಅವಳು, ಪಾಪ, ಕೂಸಿಗೆ ಈಗ ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡು ತಾನೂ ಕಣ್ಣು ಮುಚ್ಚುತ್ತಿದ್ದಳು.

ಆ ಮಗು ಹಗಲೆಲ್ಲ ಮಂಕು. ಬಾಯಿ ಸದಾ ತೆರೆದೇ ಇರುತ್ತಿತ್ತು, ಕಣ್ಣ ಕೆಳಗೆ ಕಪ್ಪು. ಆಡಲು ಹೋದರೆ ಕಟ್ಟೆಯ ಮೇಲೆ ಕೂತಲ್ಲೇ ತೂಕಡಿಸುತ್ತಿತ್ತು. ಮಲಗಿಸಿದರೆ ಮಾತ್ರ ನಿದ್ದೆಯಿಲ್ಲ. ಅಂಗಾತ ಹಾಕಿದರೆ ಹೊರಳಿ ಹೊರಳಿ ಬೋರಲಾಗುತ್ತಿತ್ತು. ಮೊಣಕಾಲು ಹೊಟ್ಟೆಯ ಕೆಳಗೆ, ಕುಂಡಿ ಮೇಲೆ, ಗದ್ದ ಮುಂದಕ್ಕೆ ಚಾಚಿ ಮಲಗುತ್ತಿತ್ತು. ದಸ್ತಗೀರಬಿ ಅದನ್ನು ಕಂಡರೆ ಸುಮ್ಮನಿರುವ ಪೈಕಿ ಅಲ್ಲ. "ಬೋರಲ ಮಲಗೂದು ಒಳ್ಳೇದಲ್ಲ ಬೇಟಾ, ಸರಳ ಮಲಗು" ಎಂದು ಹೊರಳಿಸಿ, ಕೈಕಾಲು ನೆಟ್ಟಗೆ ಮಾಡಿ ಇಡುತ್ತಿದ್ದಳು. ಮಗು ತಿರುಗಿ ಬೋರಲಾಗುತ್ತಿತ್ತು, ಅಜ್ಜಿ ತಿರುಗಿ ಅಂಗಾತ ಮಾಡುತ್ತಿದ್ದಳು. ಗುರುಲಿಂಗವ್ವನೂ, "ಖರೇನ ಯವ್ವಾ, ನಮ್ಮಲ್ಲೂ ಹಂಗ ಅಂತಾರ, ಬೋರಲ ಮಲಗಿದ್ರ ಮನಿಗೆ ದರಿದ್ರ" ಎಂದು ದನಿಗೂಡಿಸುತ್ತಿದ್ದಳು. ಈ ಒಂದು ವಿಷಯದಲ್ಲಿ ಗೋಡೆಯ ಆಚೆ ಈಚೆ ಭೇದವೇ ಇರಲಿಲ್ಲ.

ಅದು ಶುರುವಾದದ್ದು ಒಂದು ಮಧ್ಯಾಹ್ನ. ರಂಜಾನಬಿ ಮಗ್ಗಕ್ಕೆ ಉದ್ದೆಳೆ ಹೂಡುವ ಹಾಸಿನ ಕೆಲಸದಲ್ಲಿದ್ದಳು, ಅಳುತ್ತಿದ್ದ ಮಗುವನ್ನು ಗುರುಲಿಂಗವ್ವನ ಹೊಸ್ತಿಲೊಳಗೆ ಬಿಟ್ಟು ಹೋದಳು. ರಾಟಿ ತಿರುಗುತ್ತಿತ್ತು. ಮಗು ಅಳುತ್ತಲೇ ಹಿಂದಿನಿಂದ ಬಂದು ಅವಳ ಕೊರಳಿಗೆ ಕೈ ಹಾಕಿತು, ಬೆನ್ನಿಗೆ ಎದೆ ಕೊಟ್ಟಿತು, ಹೆಗಲ ಮೇಲೆ ಗದ್ದ ಊರಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಬೆನ್ನ ಮೇಲಿನ ಭಾರ ಹೆಚ್ಚಾಯಿತು. ಕುತ್ತಿಗೆಗೆ ಬೆಚ್ಚನೆಯ ಉಸಿರು, ಒಂದಾದ ಮೇಲೊಂದು, ಸಮನಾಗಿ, ಗೊರಕೆಯ ಸುಳಿವೂ ಇಲ್ಲದೆ ಬರತೊಡಗಿತು. ಮಗು ನಿದ್ದೆಹೋಗಿತ್ತು.

ಗುರುಲಿಂಗವ್ವ ಅಲುಗಲಿಲ್ಲ. ಬೀಳಬಾರದೆಂದು ಬೆನ್ನನ್ನು ತುಸು ಮುಂದಕ್ಕೆ ಬಾಗಿಸಿ ಇಳಿಜಾರು ಮಾಡಿಕೊಂಡಳು, ಒಂದು ಕೈಯಿಂದ ಮಗುವಿನ ಕೈ ಹಿಡಿದಳು, ಇನ್ನೊಂದರಿಂದ ರಾಟಿಯನ್ನು ಮೆಲ್ಲಗೆ, ಅತಿ ಮೆಲ್ಲಗೆ ತಿರುವಿದಳು. ನೂಲು ಹಿಡಿಯಲು ಕೈಯೇ ಉಳಿಯಲಿಲ್ಲ, ಕಂಡಿಕೆ ಅಡ್ಡಾದಿಡ್ಡಿ ಆಯಿತು. ಆಗಲಿ. ಗಂಡ ಸತ್ತಾಗಿನಿಂದ ಅವಳ ಮೈಗೆ ಇನ್ನೊಂದು ಮೈ ತಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ಕೈ ಬಿಡುವಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಊಟವಾದೊಡನೆ ನಜಮಾ, "ದೊಡ್ಡವ್ವಾ, ಬೆನ್ನ ಕೊಡ" ಎಂದು ಬರುವಳು. ಬೆನ್ನಿಗೆ ಒರಗಿದ ಕೂಡಲೇ ಗಾಢ ನಿದ್ದೆ. ಮನೆಯಲ್ಲಿ ತಾಯಿಯ ಮಗ್ಗುಲಲ್ಲಿ ಬಾರದ ನಿದ್ದೆ, ಅಜ್ಜಿಯ ತೊಡೆಯ ಮೇಲೆ ಬಾರದ ನಿದ್ದೆ, ಇಲ್ಲಿ ಬರುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಗುರುಲಿಂಗವ್ವ ನೀರಿನ ನಳದ ಹತ್ತಿರ ಹೇಳಿಯೇ ಹೇಳಿದಳು: "ಏನ ಋಣಾ ಐತೋ ಬಸವಣ್ಣಗ ಗೊತ್ತು. ಆ ಕೂಸಿಗೆ ನಾ ಇದ್ರ ನಿದ್ದಿ, ಇಲ್ಲಂದ್ರ ಇಲ್ಲ."

ನಳದ ಹತ್ತಿರ ಹೇಳಿದ ಮಾತು ನಳದ ಹತ್ತಿರವೇ ನಿಲ್ಲುತ್ತದೆಯೇ. ಎದುರು ಮನೆಯ ಚಂದವ್ವ, "ಹಡೀಲಾರದಾಕಿಗೆ ಹೊರೂ ಹುಚ್ಚು" ಎಂದಳು. ಊರ ಬಾಯಿಗೆ ಹೊಲಿಗೆ ಹಾಕಲು ಬರುವುದಿಲ್ಲ ಎಂದುಕೊಂಡು ಗುರುಲಿಂಗವ್ವ ರಾಟಿಗೆ ಕೂತಳು. ಆದರೆ ರಂಜಾನಬಿಯ ಮುಖ ಸಣ್ಣದಾದದ್ದನ್ನು ಅವಳು ಕಂಡಿದ್ದಳು. ಕಂಡು, ಹೇಳಬಾರದು, ಒಳಗೊಳಗೆ ಸ್ವಲ್ಪ ಹಿಗ್ಗಿದ್ದಳು.

ಅದೇ ವರ್ಷ, ಬೇವೂರು ಬಿಟ್ಟು ಹುನಗುಂದದಲ್ಲಿ ನೆಲೆಸಿದ್ದ ತಮ್ಮ ಕಾಶಪ್ಪ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟವನು, ಒಳ್ಳೆಯ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ಅಕ್ಕಾ, ಹಿಂದಿನ ಖೋಲಿ ಖಾಲಿ ಆಗೈತಿ. ನನ್ನ ಹೇಣ್ತಿನೂ ಕರಕೊಂಡ ಬಾ ಅಂದಾಳ. ಈ ಕುಣಿ ಮ್ಯಾಲ ಎಷ್ಟ ವರ್ಷ ಅಂತ ಒಬ್ಬಾಕೀನ ಮಲಗತಿ? ನಡಿ."

ತಮ್ಮನ ಹೆಂಡತಿ ತಾನಾಗಿ ಬಾ ಎನ್ನುವುದೆಂದರೆ ತವರಿನ ಬಾಗಿಲು ಎರಡೂ ಕದ ತೆರೆದ ಹಾಗೆ. ಹಿಂದಿನ ವರ್ಷವಾಗಿದ್ದರೆ ಗುರುಲಿಂಗವ್ವ ಅವತ್ತೇ ಗಂಟು ಕಟ್ಟುತ್ತಿದ್ದಳು. ಆದರೆ ಆಗ ಅವಳ ಬೆನ್ನ ಮೇಲೆ ನಜಮಾ ಮಲಗಿತ್ತು. ಕಾಶಪ್ಪ ಮಾತಾಡಿದ್ದೂ ಆ ಬೆನ್ನಿಗೇ.

"ನಾ ಬಂದ್ರ ಈ ಕೂಸು ಎಲ್ಲಿ ಮಲಗಬೇಕೋ ಕಾಶಪ್ಪಾ?" ಎಂದಳು.

"ಅದಕ್ಕ ಅವ್ವ ಇದ್ದಾಳ, ಅಪ್ಪ ಇದ್ದಾನ. ಮಂದಿ ಕೂಸಿನ ಸಲುವಾಗಿ ಒಡಹುಟ್ಟಿದವನ ಮನಿ ಒಲ್ಲೆ ಅಂತೀಯಾ?"

"ಹಗೂರ ಮಾತಾಡೋ, ಎದ್ದೀತು."

ಕಾಶಪ್ಪ ಚಪ್ಪಲಿ ಮೆಟ್ಟಿಕೊಂಡ. "ಮತ್ತೊಮ್ಮಿ ಕರಿಯಾಕ ಬರೂದಿಲ್ಲ ನೋಡ" ಎಂದು ಹೋದ. ಅವಳಿಗೆ ಕೆಡುಕೆನಿಸಿತು, ಇಲ್ಲವೆಂದಲ್ಲ. ಆದರೆ ಕುತ್ತಿಗೆಗೆ ಆ ಬೆಚ್ಚನೆಯ ಉಸಿರು ಬರುತ್ತಲೇ ಇತ್ತು. ಯಾರಿಗೋ ತಾನು ಇಲ್ಲದೆ ಆಗುವುದಿಲ್ಲ ಎನ್ನುವ ಸುಖ ಅವಳು ನಲವತ್ತೈದು ದಾಟಿದ ಮೇಲೆ ಮೊದಲ ಸಲ ಕಂಡದ್ದು. ಅದನ್ನು ಬಿಟ್ಟು ಕೊಡುವಷ್ಟು ಶ್ರೀಮಂತಳಲ್ಲ ಅವಳು.

ನಜಮಾಗೆ ಐದು ತುಂಬಿ ಶಾಲೆಗೆ ಹಾಕಿದರು. ಶಾಲೆಯಲ್ಲೂ ತೂಕಡಿಕೆ. ಅಕ್ಕೋರು ಮೊದಲು ಗದರಿದರು, ಆಮೇಲೆ ಬಾಕಿನ ಮೇಲೆ ನಿಲ್ಲಿಸಿದರು. ನಿಂತಲ್ಲೇ ತೂಗಿ ಬಿದ್ದು ಹಣೆ ಒಡೆದುಕೊಂಡು ಬಂದಿತು ಮಗು. ದಸ್ತಗೀರಬಿ ತಾಯತ ಕಟ್ಟಿಸಿದಳು, ಗುರುಲಿಂಗವ್ವ ಮಠದ ವಿಭೂತಿ ಹಚ್ಚಿದಳು. ತಾಯತ ಮತ್ತು ವಿಭೂತಿ ಎರಡನ್ನೂ ಹೊತ್ತುಕೊಂಡು ಮಗು ಮತ್ತೆ ಬೆನ್ನಿಗೆ ಒರಗಿ ಮಲಗಿತು.

ಹಿಂಗಾರಿನ ದಿನಗಳಲ್ಲಿ ಗುರುಲಿಂಗವ್ವನಿಗೆ ಚಳಿಜ್ವರ ಬಂತು. ರಾಟಿ ಮೂಲೆಗೆ ಸರಿಯಿತು, ಅವಳು ಕುಣಿಯ ಹಲಗೆಯ ಮೇಲೆ ಕೌದಿ ಹೊದ್ದು ಬಿದ್ದುಕೊಂಡಳು. ಮಧ್ಯಾಹ್ನ ನಜಮಾ ಬಂದು ತೋಳು ಜಗ್ಗಿತು.

"ದೊಡ್ಡವ್ವಾ, ಏಳ. ಕೂಡ."

"ಆಗವಲ್ದು ತಂಗಿ. ಇವತ್ತ ಇಲ್ಲೇ ಮಗ್ಗಲಾಗ ಮಲಕೋ."

ಮಗು ಹಲಗೆ ಹತ್ತಿತು. ಆಮೇಲೆ ಪಕ್ಕದಲ್ಲಿ ಬೋರಲಾಗಿ, ಮೊಣಕಾಲು ಮಡಚಿ, ಗದ್ದ ಚಾಚಿ ಮಲಗಿತು. ಗುರುಲಿಂಗವ್ವನ ಕೈ ರೂಢಿಯಂತೆ ತಾನೇ ಮುಂದಾಯಿತು. "ಸರಳ ಮಲಗವ್ವಾ" ಎಂದು ಅದನ್ನು ಅಂಗಾತ ಹೊರಳಿಸಿ, ಕಾಲು ನೀಡಿಸಿ, ಕೌದಿ ಹೊಚ್ಚಿದಳು. ನಿದ್ದೆಗಣ್ಣಿನ ಮಗು ಹಾಗೇ ಉಳಿಯಿತು.

ಆಗ ಅವಳು ಅದರ ಮುಖ ನೋಡಿದಳು. ಇಷ್ಟು ದಿನ ಆ ಮಗು ಅವಳ ಮೇಲೆ ಮಲಗಿತ್ತು ನಿಜ, ಆದರೆ ಮಲಗಿದ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬೆನ್ನಿಗೆ ಕಣ್ಣಿರುತ್ತದೆಯೇ? ಅವಳಿಗೆ ಗೊತ್ತಿದ್ದದ್ದು ಉಸಿರು ಮತ್ತು ಭಾರ, ಅಷ್ಟೇ.

ಬಾಯಿ ತೆರೆಯಿತು. ಗೊರಕೆ ಶುರುವಾಯಿತು, ಜೋರಾಯಿತು, ಗಕ್ಕನೆ ನಿಂತಿತು. ಈಗ ನಿದ್ದೆ ಹತ್ತಿತು ಎಂದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಮಗುವಿನ ಎದೆಯ ಮೇಲೆ ಬಿತ್ತು. ಎದೆ ಏಳಲು ಹೆಣಗುತ್ತಿತ್ತು. ಪಕ್ಕೆಲುಬಿನ ಸಂದು ಒಳಗೆ ಜಗ್ಗುತ್ತಿತ್ತು, ಕೊರಳ ಬುಡದ ಗುಳಿ ಆಳವಾಗುತ್ತಿತ್ತು, ಆದರೆ ಮೂಗಿನಿಂದಾಗಲಿ ಬಾಯಿಯಿಂದಾಗಲಿ ಗಾಳಿಯಿಲ್ಲ. ಅವಳು ಮೂಗಿನ ಹತ್ತಿರ ಬೆರಳು ಹಿಡಿದಳು. ಏನೂ ಇಲ್ಲ. ಗೋಡೆಯಾಚೆ ಬಂದೇನವಾಜನ ಮಗ್ಗ ಬಡಿಯುತ್ತಿತ್ತು, ಒಂದು ಪೆಟ್ಟು, ಮತ್ತೊಂದು, ಮತ್ತೂ ಒಂದು, ಬಡಿಯುತ್ತಲೇ ಇತ್ತು, ಮಗುವಿನ ಉಸಿರು ಬರಲೇ ಇಲ್ಲ. ತುಟಿ ನೀಲಿಗೆ ತಿರುಗಿತು. "ನಜಮಾ!" ಎಂದು ಕಿರುಚುವಷ್ಟರಲ್ಲಿ ಮಗು ಮೈಯೆಲ್ಲ ಜಗ್ಗಿ, ಮುಳುಗುವವರು ನೀರಿನಿಂದ ಮೇಲೆದ್ದ ಹಾಗೆ ಗಾಳಿ ಎಳೆದುಕೊಂಡಿತು. ಮತ್ತೆ ಗೊರಕೆ. ಕಣ್ಣು ಮಾತ್ರ ತೆರೆಯಲಿಲ್ಲ.

ಅವಳಿಗೆ ಜ್ವರ ಎಲ್ಲಿ ಹೋಯಿತೋ. ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದಳು.

"ರಂಜಾನಬೀ, ಇದಕ್ಕ ಉಸಿರು ನಿಂತಿತ್ತ!"

ರಂಜಾನಬಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳು ಕೂತಲ್ಲೇ ಕುಸಿದಳು. "ದಿನಾ ರಾತ್ರಿ ಹಿಂಗ ಗೊರಕಿ ನಿಂದರತೈತಿ ಅಕ್ಕಾ. ನಿಂತ ಕೂಡಲೇ ನಾವು, ಸದ್ಯ, ಕೂಸಿಗೆ ಈಗ ಛಲೋ ನಿದ್ದಿ ಹತ್ತಿತು ಅಂತಿದ್ವಿ. ದೀಪ ಹಚ್ಚಿ ನೋಡಲಿಲ್ಲ."

"ನಾನೂ ಹಂಗ ಅಂತಿದ್ದೆ" ಎಂದಳು ಗುರುಲಿಂಗವ್ವ.

ಬಾಗಲಕೋಟೆಯಲ್ಲಿ ವಿದ್ಯಾಗಿರಿ ಕಡೆಗೆ ಕಿವಿ, ಮೂಗು, ಗಂಟಲು ನೋಡುವ ಡಾಕ್ಟರು ಹೊಸದಾಗಿ ದವಾಖಾನೆ ಇಟ್ಟಿದ್ದಾರೆಂದು ಯಾರೋ ಹೇಳಿದರು. ಬಂದೇನವಾಜನಿಗೆ ಮಗ್ಗದಲ್ಲಿದ್ದ ಸೀರೆ ಮುಗಿಸಿಕೊಡಬೇಕಾಗಿತ್ತು, ಹೆಂಗಸರಿಬ್ಬರೇ ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದರು. ಬಸ್ಸು ಹುನಗುಂದದಲ್ಲಿ ನಿಂತಾಗ ಕಿಟಕಿಯಿಂದ ಕಾಶಪ್ಪನ ಅಂಗಡಿ ಕಂಡಿತು. ಅವನು ಯಾರಿಗೋ ಬೇಳೆ ತೂಗುತ್ತಿದ್ದ. ಅವನು ತಲೆ ಎತ್ತಲಿಲ್ಲ, ಇವಳೂ ಕೂಗಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಈ ಕಡೆಯವರೇ. ಮಗುವಿನ ಬಾಯಿ ತೆರೆಸಿ, ಬ್ಯಾಟರಿ ಹಾಕಿ ನೋಡಿ, "ಕೂಸು ಹೆಂಗ ಮಲಗತೈತಿ?" ಎಂದು ಕೇಳಿದರು.

ರಂಜಾನಬಿ ತುಸು ನಾಚಿ ಹೇಳಿದಳು. "ಈ ಅಕ್ಕನ ಬೆನ್ನ ಮ್ಯಾಲ ಕುಂತ ಮಲಗಿದ್ರ ಅಷ್ಟ ನಿದ್ದೀರಿ. ಬ್ಯಾರೆ ಎಲ್ಲೂ ಇಲ್ಲ."

"ಹೌದಾ? ತೋರಸ್ರಿ ನೋಡೂಣು."

ಗುರುಲಿಂಗವ್ವ ದವಾಖಾನೆಯ ನೆಲದ ಮೇಲೆ ಕೂತಳು. ಹೆಮ್ಮೆಯಿಂದಲೇ ಕೂತಳು. ನಜಮಾ ಹಿಂದಿನಿಂದ ಬಂದು ಕೊರಳಿಗೆ ಕೈ ಹಾಕಿ, ಹೆಗಲಿಗೆ ಗದ್ದ ಊರಿತು. ರಾತ್ರಿ ನಿದ್ದೆಗೆಟ್ಟದ್ದಕ್ಕೆ ಬಸ್ಸಿನ ದಣಿವೂ ಸೇರಿ ಮಗು ಅಲ್ಲೇ ಆ ಔಷಧದ ವಾಸನೆಯಲ್ಲೇ ನಿದ್ದೆಹೋಯಿತು. ಸಮನಾದ, ಸದ್ದಿಲ್ಲದ ಉಸಿರು. ಡಾಕ್ಟರು ಬಗ್ಗಿ ಕಿವಿಗೊಟ್ಟು ಕೇಳಿದರು. ಅವರ ಮುಖ ಅರಳಿತು.

"ನೋಡ್ರಿ, ಕೂಸು ಎಷ್ಟ ಶ್ಯಾಣ್ಯಾ ಐತಿ. ಇದರ ಕೊಳ್ಳಾಗ ಎರಡೂ ಕಡೆ ಗಡ್ಡಿ, ಅಂದ್ರ ಟಾನ್ಸಿಲ್, ಬಾತಾವು, ಮೂಗಿನ ಹಿಂದೂ ಒಂದು ಬೆಳದೈತಿ. ನಿದ್ದಿ ಹತ್ತಿದ ಮ್ಯಾಲ ಕೊಳ್ಳ ಸಡಲ ಬಿಡತೈತಿ. ಅಂಗಾತ ಮಲಗಿದ್ರ ನಾಲಗಿ ಹಿಂದಕ್ಕ ಜರಿದು ಇದ್ದ ದಾರಿನೂ ಮುಚ್ಚತೈತಿ. ಉಸಿರು ಕಟ್ಟತೈತಿ, ಮೈ ಧಡಕ್ಕನ ಎಬ್ಬಸತೈತಿ. ರಾತ್ರಿ ಎಲ್ಲಾ ಇದ ನಡದ್ರ ಹಗಲಿ ತೂಕಡಸದ ಏನ ಮಾಡೀತು? ಬೋರಲಾಗಿ, ಗದ್ದ ಎತ್ತಿ ಮಲಗಿದಾಗ ಇದಕ್ಕ ದಾರಿ ಸ್ವಲ್ಪ ಬಿಡತೈತಿ. ಎಲ್ಲಾ ಮಕ್ಕಳಿಗೂ ಹಿಂಗ ಇರೂದಿಲ್ಲ, ಇದಕ್ಕ ಹಂಗ ಐತಿ."

ರಂಜಾನಬಿ ಬಾಯಿಗೆ ಸೆರಗು ಹಿಡಿದಳು. "ನಾವು ಹೊಳ್ಳಿಸಿ ಹೊಳ್ಳಿಸಿ ಅಂಗಾತ ಹಾಕ್ತಿದ್ವಿರಿ."

"ಇನ್ನ ಹಾಕಬ್ಯಾಡ್ರಿ. ಆಪರೇಶನ್ ಮಾಡಿ ಗಡ್ಡಿ ತಗದ್ರ ಆರಾಮ ಆಗತೈತಿ." ಡಾಕ್ಟರು ಗುರುಲಿಂಗವ್ವನ ಕಡೆ ತಿರುಗಿ, ಬಹಳ ಪ್ರೀತಿಯಿಂದಲೇ ಹೇಳಿದರು: "ಪಾಪ, ನೀವ್ಯಾಕ ಇಷ್ಟ ದಿವಸ ಬೆನ್ನ ಬಾಗಿಸಿ ತ್ರಾಸ ಪಟ್ರಿ ಅವ್ವಾರ? ಒಂದು ನೂಲಿನ ಚೀಲ ಇಟ್ಟು ಅದಕ್ಕ ಒರಗಿಸಿದ್ರೂ ನಡೀತಿತ್ತು."

ಗುರುಲಿಂಗವ್ವ, "ಹೂಂರಿ" ಎಂದಳು. ಇಳಕಲ್ಲಿಗೆ ಮರಳುವಾಗ ಅಮೀನಗಡದಲ್ಲಿ ರಂಜಾನಬಿ ಕರದಂಟು ಕೊಂಡು ಅವಳ ಕೈಗೊಂದು ಚೂರು ಇಟ್ಟಳು. ಅದು ಕೈಯಲ್ಲೇ ಮೆತ್ತಗಾಯಿತು.

ಆಪರೇಶನ್ನಿಗೆ ಇನ್ನೂ ಕೆಲವು ವಾರಗಳಿದ್ದವು. ಸುದ್ದಿ ಕೇಳಿದ ದಸ್ತಗೀರಬಿ ಆ ರಾತ್ರಿಯಿಂದಲೇ ಮೊಮ್ಮಗಳ ಹಿಂದೆ ದಿಂಬು ಒಟ್ಟಿ, ತಾನೇ ಎಚ್ಚರ ಕೂತು ಕಾಯತೊಡಗಿದಳು. "ನನ್ನ ಕೈಲೇ ಕೂಸಿನ ಉಸಿರು ಕಟ್ಟಸ್ತಿದ್ದೆ" ಎಂದು ಎದೆ ಬಡಿದುಕೊಂಡಳು. ಹಗಲು ಮಾತ್ರ ನಜಮಾ ಎಂದಿನಂತೆ ಗುರುಲಿಂಗವ್ವನ ಬಳಿಗೇ ಬಂದಿತು.

ಒಂದು ಮಧ್ಯಾಹ್ನ ಗುರುಲಿಂಗವ್ವ ಮಾಡಬಾರದ ಕೆಲಸವೊಂದನ್ನು ಮಾಡಿದಳು. ಮೂಲೆಯಲ್ಲಿ ಸಾಹುಕಾರರ ನೂಲಿನ ಚೀಲವಿತ್ತು, ದಪ್ಪನೆಯದು, ಗೋಡೆಗೆ ವಾಲಿ ನಿಂತದ್ದು. ಮಗುವಿಗೆ ನಿದ್ದೆ ಹತ್ತಿದ ಮೇಲೆ ಕೊರಳಿನ ಕೈಗಳನ್ನು ಮೆಲ್ಲಗೆ ಬಿಡಿಸಿ, ಎತ್ತಿಕೊಂಡು ಹೋಗಿ, ಆ ಚೀಲಕ್ಕೆ ಎದೆ ಒರಗಿಸಿ, ಗದ್ದ ಎತ್ತಿ ಇಟ್ಟಳು. ಆಮೇಲೆ ಎದುರು ಕೂತು ನೋಡಿದಳು. ಎಚ್ಚರಾಗಲಿ, ಅಳಲಿ, ಒಮ್ಮೆ ಗೊರಕೆಯಾದರೂ ಹೊಡೆಯಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ನಾಚಿಕೆಯಾಯಿತು, ಆದರೂ ಬೇಡಿತು. ಮಗು ನಿದ್ದೆಯಲ್ಲೇ ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಸಮನಾಗಿ, ಸದ್ದಿಲ್ಲದೆ ಉಸಿರಾಡುತ್ತ ಮಲಗಿತು. ಅವಳ ಬೆನ್ನಿನ ಮೇಲೆ ಹೇಗೋ ಹಾಗೇ.

ಹಾಗಾದರೆ ಋಣವೂ ಇಲ್ಲ, ಅನುಬಂಧವೂ ಇಲ್ಲ. ಒಂದು ಇಳಿಜಾರು ಬೇಕಾಗಿತ್ತು, ತಾನು ಇಳಿಜಾರಾಗಿದ್ದೆ. ಈ ಇಳಿಜಾರಿನ ಸಲುವಾಗಿ ತಮ್ಮನ ಮನೆ ಬೇಡವೆಂದೆ. ಗುರುಲಿಂಗವ್ವ ಎದ್ದು, ಮಗುವನ್ನು ಚೀಲದಿಂದ ಬಿಡಿಸಿಕೊಂಡು ತಿರುಗಿ ತನ್ನ ಬೆನ್ನಿಗೆ ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೇ ಅದು?

ಆಪರೇಶನ್ನಿಗೆ ಈ ಸಲ ಗಂಡ, ಹೆಂಡತಿ, ಅಜ್ಜಿ ಎಲ್ಲರೂ ಹೊರಟರು. ಗುರುಲಿಂಗವ್ವನನ್ನು ಬಾ ಎನ್ನಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅದರಲ್ಲಿ ತಪ್ಪೂ ಇರಲಿಲ್ಲ. ಅವಳೇನು ಬಳಗವೇ? ಬೀಗದ ಕೈ ಅವಳ ಹತ್ತಿರ ಕೊಟ್ಟು, "ಕೋಳಿಗೆ ಕಾಳ ಹಾಕ ಅಕ್ಕಾ" ಎಂದು ಹೋದರು. ಆ ದಿನಗಳಲ್ಲಿ ಗೋಡೆಯಾಚೆ ಮಗ್ಗವೂ ಇಲ್ಲ, ಗೊರಕೆಯೂ ಇಲ್ಲ. ಅವಳು ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ತನ್ನ ಸಲುವಾಗಿ ಏನನ್ನೂ ಕೇಳಲಿಲ್ಲ. ಕೂಸಿನ ಉಸಿರು ಕಾಯಪ್ಪಾ ಎಂದಷ್ಟೇ ಕೇಳಿದಳು. ಅದು ಖರೆ. ಚೀಲದ ಎದುರು ಕೂತು ಬೇಡಿದ್ದೂ ಖರೆ, ಇದೂ ಖರೆ. ಮನುಷ್ಯರ ಮನಸ್ಸು ಒಂದೇ ಎಳೆಯದಲ್ಲ.

ಅವರು ಮರಳಿ ಬಂದ ದಿನ ಮಗುವಿಗೆ ಡಾಕ್ಟರು ಮಾತು ಬೇಡವೆಂದಿದ್ದರಂತೆ, ಬಾಗಿಲಲ್ಲೇ ಕೈ ಆಡಿಸಿ ಒಳಗೆ ಹೋಯಿತು. ಊಟದ ಹೊತ್ತು ಮೀರಿತು. ಗುರುಲಿಂಗವ್ವ ಕಿವಿಗೊಟ್ಟಳು. ಗೋಡೆಯಾಚೆ ಸದ್ದೇ ಇಲ್ಲ. ಗೊರಕೆ ನಿಂತು ಬರುವ ಮೌನ ಎಂಥದೆಂದು ಅವಳಿಗೆ ಈಗ ಗೊತ್ತಿತ್ತು. ನೂಲು ಹರಿದು ಹೋಗುವಂತೆ ಎದ್ದು ಓಡಿದಳು.

ದಸ್ತಗೀರಬಿ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ತೋರಿಸಿದಳು. ನಜಮಾ ಚಾಪೆಯ ಮೇಲೆ ಅಂಗಾತ ಮಲಗಿತ್ತು. ದಿಂಬಿಲ್ಲ, ಇಳಿಜಾರಿಲ್ಲ. ಬಾಯಿ ಮುಚ್ಚಿತ್ತು. ಆ ಮಗುವಿನ ಮುಚ್ಚಿದ ಬಾಯಿಯನ್ನು ಗುರುಲಿಂಗವ್ವ ನೋಡಿದ್ದು ಅದೇ ಮೊದಲು. ಚೆಂದದ ಬಾಯಿ. ಎದೆ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೂತುಕೋ ಎಂದರೂ ಕೂರದೆ ಮನೆಗೆ ಬಂದಳು.

ಮುಂದೆ ಏನಾಗಬೇಕಿತ್ತೋ ಅದೇ ಆಯಿತು. ರಾತ್ರಿ ಹೊಟ್ಟೆತುಂಬ ನಿದ್ದೆ ಮಾಡಿದ ಮಗುವಿಗೆ ಹಗಲು ನಿದ್ದೆ ಯಾಕೆ ಬೇಕು? ಕೆನ್ನೆ ತುಂಬಿಕೊಂಡವು, ಶಾಲೆಯಲ್ಲಿ ಮಗ್ಗಿ ಒಪ್ಪಿಸತೊಡಗಿತು, ಓಣಿಯ ಹುಡುಗರ ಸಮಕ್ಕೆ ಓಡತೊಡಗಿತು. "ಗೊರಕಿ" ಎನ್ನುವ ಹೆಸರು ತಾನೇ ಉದುರಿಹೋಯಿತು. ಊಟವಾದೊಡನೆ ಅದರ ಕಾಲು ಬೀದಿಗೆ, ಗುರುಲಿಂಗವ್ವನ ಹೊಸ್ತಿಲಿಗಲ್ಲ. ಅವಳು ದೂರಲಿಲ್ಲ. ದೂರಲು ಏನಿದೆ, ಅವಳೇ ಓಡಿಹೋಗಿ ಹೇಳಿದ್ದಲ್ಲವೇ? ರಾತ್ರಿ ಮಾತ್ರ ಕುಣಿಯ ಹಲಗೆಯ ಮೇಲೆ ಮಲಗಿ ಗೋಡೆಗೆ ಕಿವಿಗೊಡುವಳು. ಗೋಡೆ ಸುಮ್ಮನಿರುತ್ತಿತ್ತು. ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಹುನಗುಂದದಿಂದ ಬಂದವರೊಬ್ಬರು ಕಾಶಪ್ಪನ ಹಿಂದಿನ ಖೋಲಿಗೆ ಮಾಸ್ತರರೊಬ್ಬರು ಬಾಡಿಗೆಗೆ ಬಂದಿದ್ದಾರೆಂದು ಹೇಳಿದರು. "ಛಲೋ ಆತು" ಎಂದಳು ಗುರುಲಿಂಗವ್ವ. ಬೆನ್ನು ಬಾಗಿಸಿಯೇ ಕೂಡುವ ರೂಢಿ ಹೋಗಿರಲಿಲ್ಲ. ಓಣಿಯವರು, ಗುರುಲಿಂಗವ್ವನಿಗೆ ಈ ವರ್ಷ ಒಮ್ಮೆಲೇ ಮುಪ್ಪು ಬಂತು, ಗೂನು ಬಿತ್ತು ಎಂದು ಮಾತಾಡಿಕೊಂಡರು.

ಮಳೆಗಾಲ ಕಳೆದ ಮೇಲಿನ ಒಂದು ಮಧ್ಯಾಹ್ನ. ಬೀದಿಯಲ್ಲಿ ಹುಡುಗಿಯರು ಅಡಗಿ ಕೂಡುವ ಆಟ ಆಡುತ್ತಿದ್ದರು. ಪಾದಗಳ ಸಪ್ಪಳ ಧಡಧಡ ಒಳಗೆ ಬಂತು. ತಿರುಗಿ ನೋಡುವುದರೊಳಗೆ ನಜಮಾ ಬಗ್ಗಿ, ನೂಲಿನ ಎಳೆ ಹರಿಯುವಂತೆ ರಾಟಿಯ ಮಗ್ಗುಲಿಂದ ಗುರುಲಿಂಗವ್ವನ ಮುಂದೆ ತೂರಿಕೊಂಡು, ಅವಳ ಮಡಿಲಲ್ಲಿ ಅಂಗಾತ ಬಿದ್ದು, ಮೈ ಮುದುಡಿಕೊಂಡಿತು. ಬೀದಿಯಿಂದ ನೋಡಿದರೆ ಬೆನ್ನು ಬಿಟ್ಟು ಬೇರೇನೂ ಕಾಣುವ ಹಾಗಿರಲಿಲ್ಲ.

"ಹೇಳಬ್ಯಾಡ ದೊಡ್ಡವ್ವಾ" ಎಂದು ಪಿಸುಗುಟ್ಟಿ, ಕಣ್ಣು ಬಿಟ್ಟುಕೊಂಡು, ಕೆನ್ನೆ ಉಬ್ಬಿಸಿ ಉಸಿರು ಹಿಡಿಯಿತು.

ಗುರುಲಿಂಗವ್ವ ಕೆಳಗೆ ನೋಡಿದಳು. ತೊಡೆಯ ಮೇಲೆ ಆ ಮುಖ. ಅಲುಗದ ಎದೆ. ಆಟವೆಂದು ಗೊತ್ತಿದ್ದೂ ಅವಳ ಕೈ ತಾನೇ ಮಗುವಿನ ಮೂಗಿನ ಹತ್ತಿರ ಹೋಯಿತು.

"ಉಸಿರಾಡ ನನ್ನವ್ವಾ" ಎಂದಳು. ನಜಮಾ ತಲೆ ಅಲ್ಲಾಡಿಸಿ, ತುಟಿಗೆ ಬೆರಳಿಟ್ಟಿತು.

ಬಾಗಿಲಲ್ಲಿ ಇನ್ನೊಂದು ಹುಡುಗಿಯ ಧ್ವನಿ. "ಗುರುಲಿಂಗವ್ವಾ, ನಜಮಾ ಇಲ್ಲಿ ಬಂದಾಳೇನ?"

"ಇಲ್ಲವ್ವಾ.  ಇಲ್ಲಿ ಯಾರೂ ಬರೂದಿಲ್ಲ" ಎಂದಳು ಅವಳು, ತಿರುಗದೆ.

ಹುಡುಗಿ ನಂಬಲಿಲ್ಲ. ಒಳಗೆ ಬಂದು ಮೂಲೆಯ ಚೀಲದ ಹಿಂದೆ ಇಣುಕಿತು, ಯಾರೂ ಇಲ್ಲವೆಂದು ಓಡಿಹೋಯಿತು. ನಜಮಾ ಉಸಿರು ಬಿಟ್ಟು, ಗಹಗಹಿಸಿ ನಕ್ಕು ಎದ್ದು ಕೂತಿತು.

"ನೋಡಿದ್ಯಾ? ಚೀಲದ ಹಿಂದ ಕುಂತಿದ್ರ ಸಿಕ್ಕೇ ಬಿಡತಿದ್ದೆ" ಎಂದಿತು. ಎರಡೂ ಕೈ ಅವಳ ಕೊರಳಿಗೆ ಹಾಕಿ, ಒಂದು ಗಳಿಗೆ ಗಟ್ಟಿಯಾಗಿ ಒತ್ತಿ, ಬಿಟ್ಟು, ಹೊರಗೆ ಓಡಿತು. ಕುತ್ತಿಗೆಗೆ ತಾಗಿದ ಉಸಿರಿನ ಬಿಸಿ ಆರುವುದರೊಳಗೆ ಅದರ ಧ್ವನಿ ಓಣಿಯ ತುದಿಯಲ್ಲಿತ್ತು.

ನೀರು ತರಲು ಹೊರಟಿದ್ದ ಚಂದವ್ವ ಬಾಗಿಲ ಮುಂದೆ ನಿಂತಳು. ಒಳಗೆ ಆ ಬೆನ್ನು ಅಲುಗುತ್ತಿತ್ತು.

"ಏನ ಗುರುಲಿಂಗವ್ವಾ, ಒಬ್ಬಾಕೀನ ಕುಂತ ನಗಾಕತ್ತೀಯಲ್ಲ?"

ಗುರುಲಿಂಗವ್ವ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಎರಡೂ ಕೈ ಬಿಡುವಾಗಿದ್ದವು.

"ನಜಮಾ ಬಂದಿದ್ಲು" ಎಂದು ಹೇಳಿ, ಹರಿದ ಎಳೆ ಹುಡುಕಿ ಗಂಟು ಹಾಕಿ ರಾಟಿ ತಿರುವಿದಳು.